ಗೊರವಂಕ ಎಳೆದ ನಾರು

ಹೊಳಲ್ಕೆರೆಯಲ್ಲಿರುವ ನನ್ನ ತಂಗಿಯ ಸೊಸೆಗೆ ಈ ಬೇಸಿಗೆಯಲ್ಲಿ ನಾರುಹುಣ್ಣು ಎದ್ದಿತು. ನೋಡಿಕೊಂಡು ಬರೋಣವೆಂದು ಹೋದರೆ ಆ ಹುಡುಗಿ ತಲೆತುಂಬ ಸೆರಗು ಹೊದ್ದು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. "ನನ್ನ ಕಾಲಾಗೆ ಹುಳ ಐತೆ ದೊಡ್ಡತ್ತೆ, ಹತ್ರ ಬರಬ್ಯಾಡ್ರಿ" ಅಂದಳು. ಅವಳಿಗೆ ನೋವಿಗಿಂತ ಹೇಸಿಗೆಯೇ ದೊಡ್ಡದಾಗಿತ್ತು. ನಾನು ಪಕ್ಕದಲ್ಲಿ ಕೂತು, ಸೀರೆ ಸ್ವಲ್ಪ ಮೇಲೆತ್ತಿ, ನನ್ನ ಎಡಗಾಲಿನ ಹರಡಿನಿಂದ, ಅಂದರೆ ಪಾದದ ಕೀಲಿನಿಂದ, ಮೀನಖಂಡದವರೆಗೆ ಹೋಗಿರುವ ಕೊಯ್ದ ಗುರುತನ್ನು ತೋರಿಸಿದೆ. ಆಗ ಎದ್ದು ಕೂತಳು. ನಾನು ಹೇಳುತ್ತಾ ಹೋದೆ, ಅವಳು ಕೇಳುತ್ತಾ ಒಂದು ಮುದ್ದೆ ಉಂಡಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇನ್ನೂ ಎಷ್ಟು ಮನೆಗಳಲ್ಲಿ ಎಷ್ಟು ಹುಡುಗಿಯರು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೋ ಯಾರಿಗೆ ಗೊತ್ತು.

ನನ್ನ ತವರು ಹಿರೇಗುಂಟನೂರು. ಕೊಟ್ಟಿದ್ದು ಹಿರಿಯೂರು ಸೀಮೆಯ ಹರಿಯಬ್ಬೆಗೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ: ರೇವಣ್ಣ. ಆಗ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಸುಗ್ಗಿ ಮುಗಿಯಿತೆಂದರೆ ನಮ್ಮೆಜಮಾನರು ಗಾಡಿ ಹೂಡಿಕೊಂಡು ಕಲ್ಲು ಸುಣ್ಣ ಸಾಗಿಸಲು ಕಣಿವೆ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಅತ್ತೆ ಸಿದ್ದಮ್ಮ, ನಾನು, ಒಂದು ಎಮ್ಮೆ. ಮಕ್ಕಳು ಆದದ್ದು ಆಮೇಲೆ. ಅತ್ತೆಗೆ ಮಾತು ಕಡಿಮೆ, ಆಡಿದರೆ ಹಸಿಮೆಣಸಿನಕಾಯಿ ಕಡಿದ ಹಾಗೆ. ನನಗೆ ಕೈಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಾಲು ಉಕ್ಕುವ ಮುಂಚೆಯೇ ಇಳಿಸುವವಳು, ಮುದ್ದೆ ಬೇಯುವ ಮುಂಚೆಯೇ ತೊಳೆಸುವವಳು. "ಇವಳ ಹಿಂದೆ ಯಾರೋ ಅಟ್ಟಿಸ್ಕಂಡು ಬಂದಂಗೆ ಮಾಡ್ತಾಳೆ" ಅಂತ ಅತ್ತೆ ಊರಿಗೆಲ್ಲ ಹೇಳಿದ್ದರು. ಈ ಮಾತು ಮುಂದೆ ನನ್ನ ಕುತ್ತಿಗೆಗೇ ಬಂತು, ಅದಕ್ಕೇ ಈಗಲೇ ಹೇಳಿಬಿಟ್ಟೆ.

ಶಿವರಾತ್ರಿ ಆದಮೇಲೆ ಎಡಗಾಲಿನ ಹರಡಿನ ಮೇಲೆ ನವೆ ಶುರುವಾಯಿತು. ಕೆರೆದೆ. ಗುಳ್ಳೆ ಎದ್ದಿತು. ಆಮೇಲೆ ಅಲ್ಲಿ ಕೆಂಡ ಇಟ್ಟ ಹಾಗೆ ಉರಿ. ಅತ್ತೆ ಕಾಲನ್ನು ಬೆಳಕಿಗೆ ಹಿಡಿದು ನೋಡಿ, ಹಿತ್ತಿಲಿಗೆ ಹೋಗಿ ಬೇವಿನ ಕಡ್ಡಿ ಮುರಿದುಕೊಂಡು ಬಂದರು. ಅದನ್ನು ಕೆರೆದು ನುಣ್ಣಗೆ ಮಾಡತೊಡಗಿದಾಗ ನನಗೆ ಗೊತ್ತಾಯಿತು.

"ನಾರಾ ಅತ್ತೆ?" ಅಂದೆ.

"ನಾರೇ. ನನಗೆ ಮೂರು ಸಲ ಆಗೈತೆ. ಸತ್ತಿದ್ದೀನಾ?"

ಇದೇ ಅವರ ಸಮಾಧಾನ. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನನ್ನ ಮೈಯೊಳಗೆ ಮೊಳದುದ್ದದ ಹುಳ ಒಂದು ನನಗೇ ಗೊತ್ತಿಲ್ಲದೆ ಬೆಳೆದು ಹರಿದಾಡಿದೆ ಅನ್ನುವುದನ್ನು ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ. ನನ್ನ ಮೈ ನನ್ನದೇ ಅಲ್ಲವೇನೋ ಅನ್ನಿಸಿತು.

ನಮ್ಮೂರಿಗೆಲ್ಲ ಒಂದೇ ಮೆಟ್ಟಿಲ ಬಾವಿ. ನಮ್ಮ ಹಿತ್ತಿಲ ಗೋಡೆಯಾಚೆಗೇ ಇತ್ತು. ಹಗ್ಗ ರಾಟೆ ಏನೂ ಇಲ್ಲ. ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟು, ಬಗ್ಗಿ, ಕೊಡ ಮುಳುಗಿಸಿಕೊಂಡು ಬರುವುದು. ನಾರುಹುಣ್ಣು ಎದ್ದವರು ಆ ಉರಿ ತಡೆಯಲಾರದೆ ಅದೇ ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿನಲ್ಲಿ ಇಳಿಬಿಡುತ್ತಿದ್ದರು. ತಣ್ಣಗಾಗುತ್ತದೆ, ಹುಣ್ಣೂ ಬೇಗ ಬಾಯಿ ಬಿಡುತ್ತದೆ ಎಂದು ಎಲ್ಲರೂ ಹೇಳುವುದು. ಬೇಸಿಗೆಯಲ್ಲಿ ಯಾವಾಗ ಹೋದರೂ ಒಬ್ಬಿಬ್ಬರು ಹಾಗೆ ಕೂತಿರುತ್ತಿದ್ದರು, ಪಕ್ಕದಲ್ಲೇ ನಾವು ಕೊಡ ತುಂಬಿಕೊಳ್ಳುತ್ತಿದ್ದೆವು. ನಾನೂ ಹೋಗಿ ಕೂತೆ. ಹಾಯ್ ಅನ್ನಿಸಿತು. ಗುಳ್ಳೆ ಒಡೆದು, ಬಿಳಿ ದಾರದ ತುದಿಯಂಥದ್ದು ಹೊರಗೆ ಕಂಡಿತು.

ಅವತ್ತಿನಿಂದ ನಾನು ಕೂತಲ್ಲೇ ಕೂರಬೇಕಾಯಿತು. ಹಿತ್ತಿಲ ಬಾಗಿಲ ಪಕ್ಕದ ಜಗಲಿಯ ಮೇಲೆ ಕಂಬಳಿ ಹಾಸಿ, ಕಾಲನ್ನು ನೀಡಿಸಿ ಕೂರಿಸಿದರು. ಬೆಳಿಗ್ಗೆ ಅತ್ತೆ ಹುಣ್ಣಿನ ಮೇಲೆ ತಣ್ಣೀರು ಹನಿಸುವರು. ಹುಳ ತಾನಾಗಿ ಸಡಿಲ ಬಿಟ್ಟಷ್ಟನ್ನು ಮಾತ್ರ ಬೇವಿನ ಕಡ್ಡಿಗೆ ಸುತ್ತಿಕೊಳ್ಳುವರು. ಒಂದು ದಿನ ಬೆರಳಗಲ ಬಂದರೆ ಒಂದು ದಿನ ಏನೂ ಇಲ್ಲ. ಕಡ್ಡಿಯನ್ನು ಕಾಲಿಗೆ ಕಟ್ಟಿ, ಬಾಡಿಸಿದ ಹರಳೆಲೆ, ಔಡಲದ ಎಲೆ, ಮುಚ್ಚಿ ಹೋಗುವರು.

"ಅತ್ತೆ, ಇನ್ನೊಂಚೂರು ಎಳೀರಿ, ಬರ್ತೈತೆ" ಅನ್ನುತ್ತಿದ್ದೆ.

"ಹರಿದ್ರೆ ಒಳಗೇ ಸಾಯ್ತದೆ. ಒಳಗೆ ಸತ್ರೆ ಕಾಲು ಕೊಳೀತದೆ. ಕಾಲು ಬೇಕಾ, ಅವಸರ ಬೇಕಾ?"

ಕಾಲು ಬೇಕು. ಸುಮ್ಮನೆ ಕೂತೆ.

ಅಲ್ಲಿಯವರೆಗೆ ನನಗೆ ಹಿತ್ತಿಲೆಂದರೆ ಸಗಣಿ ತಟ್ಟುವ ಜಾಗ, ಪಾತ್ರೆ ಬೆಳಗುವ ಜಾಗ, ಅಷ್ಟೇ. ಅಲ್ಲಿ ಇಷ್ಟೊಂದು ಜನ ಸಂಸಾರ ಮಾಡಿಕೊಂಡಿದ್ದಾರೆಂದು ಗೊತ್ತೇ ಇರಲಿಲ್ಲ. ಬೂದಿಗುಂಡಿಯ ಪಕ್ಕದ ಸಡಿಲ ಮಣ್ಣಿನಲ್ಲಿ ಲಾಳಿಕೆಯ ಹಾಗೆ ಸಣ್ಣ ಸಣ್ಣ ಕುಣಿಗಳು. ಇರುವೆ ಜಾರಿ ಬಿದ್ದರೆ ಕೆಳಗಿನಿಂದ ಯಾವುದೋ ಹುಳ ಮಣ್ಣು ಎರಚಿ ಅದನ್ನು ಎಳೆದುಕೊಳ್ಳುತ್ತಿತ್ತು. ಬೇಲಿಯ ಕಳ್ಳಿಯ ಮೇಲೆ ಒಂದು ಓತಿಕ್ಯಾತ. ಬಿಸಿಲೇರಿದಂತೆ ಗಂಟಲು ಕೆಂಪಗೆ ಮಾಡಿಕೊಂಡು, ಇನ್ನೊಂದು ಗಂಡು ಬಂದರೆ ದಂಡ ಹೊಡೆದು ಹೆದರಿಸುತ್ತಿತ್ತು. ನಮ್ಮ ಮಾವನವರು ಇದ್ದಾಗ ಪಂಚಾಯಿತಿಯಲ್ಲಿ ಹೀಗೇ ಕೂರುತ್ತಿದ್ದರಂತೆ, ಅತ್ತೆಯೇ ಹೇಳಿದ್ದು. ಬಾವಿಯ ಮೇಲೆ ಬಾಗಿದ ಈಚಲಿಗೆ ಗೀಜಗಗಳು ಹೋದ ವರ್ಷ ಕಟ್ಟಿದ ಗೂಡುಗಳು ಒಣಗಿ ತೂಗಾಡುತ್ತಿದ್ದವು. ಮಧ್ಯಾಹ್ನ ಊರೆಲ್ಲ ಮಲಗಿದಾಗ ಒಂದು ಮುಂಗುಸಿ ತನ್ನ ಮರಿಗಳನ್ನು ಸಾಲಾಗಿ ಕರೆದುಕೊಂಡು ನಮ್ಮ ಗೋಡೆಯ ತೂತಿನಿಂದ ಬಾವಿಯ ಕಡೆ ಹೋಗುತ್ತಿತ್ತು. ನನ್ನನ್ನು ಕಂಡು ನಿಂತು, ಇದು ಏಳುವ ಹೆಂಗಸಲ್ಲ ಅಂತ ತೀರ್ಮಾನ ಮಾಡಿದ ಹಾಗೆ ಮುಂದೆ ನಡೆಯುತ್ತಿತ್ತು.

ಆ ದಿನಗಳಲ್ಲಿ ನನಗೆ ಮಾತಿಗೆ ಇದ್ದದ್ದು ಇವೇ. ಊರ ಹೆಂಗಸರು ಬರುತ್ತಿದ್ದರು, ನಿಜ. ಬಂದವರು ಯಾರಿಗೆ ಎಷ್ಟು ನಾರು ಎದ್ದು ಯಾರ ಕಾಲು ಸೊಟ್ಟಗಾಯಿತು ಅನ್ನುವುದನ್ನೇ ಹೇಳಿ ಹೋಗುತ್ತಿದ್ದರು. ಅವರಿಗಿಂತ ಓತಿಕ್ಯಾತ ವಾಸಿ.

ಎಲ್ಲಕ್ಕಿಂತ ಹತ್ತಿರವಾದದ್ದು ಒಂದು ಗೊರವಂಕ. ಗೊರವಂಕ ಎಲ್ಲರಿಗೂ ಗೊತ್ತಿರುವ ಹಕ್ಕಿ. ಹಳದಿ ಕಾಲು, ಹಳದಿ ಕೊಕ್ಕು, ಎತ್ತಿನ ಹಿಂದೆ ಹೊಲದಲ್ಲಿ ನಡೆಯುತ್ತದಲ್ಲ, ಅದೇ. ಗುಬ್ಬಿಯ ಹಾಗೆ ಕುಪ್ಪಳಿಸುವುದಿಲ್ಲ, ಶಾನುಭೋಗರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತದೆ. ನಮ್ಮ ಹಿತ್ತಿಲಿನದಕ್ಕೆ ತಲೆಯ ಗರಿ ಉದುರಿ ಬೋಳಾಗಿತ್ತು. ಬೋಡ ಅಂತಲೇ ಕರೆದೆ. ನನ್ನ ತಟ್ಟೆಯ ಪಕ್ಕದಲ್ಲಿ ರೊಟ್ಟಿಚೂರು ಹಾಕಿದರೆ ಮೊದಲು ಬೇಲಿಯಿಂದ ನೋಡಿತು. ಆಮೇಲೆ ಅಂಗಳಕ್ಕೆ ಇಳಿಯಿತು, ಆಮೇಲೆ ಜಗಲಿಯ ಅಂಚಿಗೆ ಬಂತು. ಕಡೆಗೆ ನನ್ನ ಕಂಬಳಿಯ ಮೇಲೇ ಬಂದು ನವಣೆ ಕಾಳು ಹೆಕ್ಕತೊಡಗಿತು. ಒಂದು ಕಣ್ಣಲ್ಲಿ ಕಾಳು, ಇನ್ನೊಂದು ಕಣ್ಣಲ್ಲಿ ನನ್ನನ್ನು ನೋಡುವುದು. ಅದು ಬಂದು ಹೋದ ಮೇಲೆ ನನಗೆ ಹೊತ್ತು ಸರಿದದ್ದು ತಿಳಿಯುತ್ತಿತ್ತು. ನಗಬೇಡಿ, ಅದು ಬಾರದ ದಿನ ನನಗೆ ಸಿಟ್ಟು ಬರುತ್ತಿತ್ತು.

ಯುಗಾದಿ ಕಳೆದಮೇಲೆ ಬೋಡನ ಜೋಡಿ ನಮ್ಮ ಸೂರಿನ ಕೆಳಗೆ, ಗೋಡೆಯ ಕಲ್ಲು ಬಿದ್ದ ತೂತಿನಲ್ಲಿ ಗೂಡು ಮಾಡಿತು. ಹುಲ್ಲು, ನಾರು, ನನ್ನದೇ ಹಳೆ ಸೀರೆಯ ಚೂರು, ಹಾವಿನ ಪೊರೆ, ಸಿಕ್ಕಿದ್ದನ್ನೆಲ್ಲ ಹೊತ್ತವು. ಒಳಗೆ ಮರಿಗಳ ಕಿಚಿಕಿಚಿ ಶುರುವಾದ ಮೇಲೆ ಬೋಡನಿಗೆ ನನ್ನ ನವಣೆ ಬೇಡವಾಯಿತು. ಮಿಡತೆ ಬೇಕು, ಹುಳ ಬೇಕು. ದಿನವೆಲ್ಲ ಗಂಡ ಹೆಂಡತಿ ಬಾಯಿ ತುಂಬ ಹುಳ ಕಚ್ಚಿಕೊಂಡು ಬಂದು ಮರಿಗಳ ಬಾಯಿಗೆ ತುರುಕುವುದು, ಮತ್ತೆ ಹಾರುವುದು. ಎಂಥ ಸಂಸಾರವಪ್ಪಾ ಅಂತ ಮೆಚ್ಚಿಕೊಂಡು ನೋಡುತ್ತಿದ್ದೆ. ನನಗೆ ಬುದ್ಧಿ ಇದ್ದಿದ್ದರೆ ಅಲ್ಲೇ ಎಚ್ಚರವಾಗಬೇಕಿತ್ತು.

ಆ ಹೊತ್ತಿಗೆ ನಾರು ಅರ್ಧದಷ್ಟು ಹೊರಗೆ ಬಂದು ಕಡ್ಡಿಗೆ ಸುತ್ತಿಕೊಂಡಿತ್ತು. ಅತ್ತೆಯ ಮುಖದಲ್ಲೂ ಸ್ವಲ್ಪ ಗೆಲುವಿತ್ತು. ಅವತ್ತು ಬೆಳಿಗ್ಗೆ ಅವರು ನೀರು ಹನಿಸಿ, ಹರಳೆಲೆ ತೆಗೆದು, ಹುಣ್ಣಿಗೆ ಎಳೆಬಿಸಿಲು ಬೀಳಲಿ ಅಂತ ಬಿಟ್ಟು, ಎಮ್ಮೆ ಕರೆಯಲು ಹೋದರು. ನನಗೆ ಗೋಡೆಗೆ ಒರಗಿದಂತೆಯೇ ಜೊಂಪು ಹತ್ತಿತು. ಕಾಲಮೇಲೆ ಏನೋ ಹತ್ತಿದ ಹಾಗಾಯಿತು. ಕಣ್ಣು ಬಿಟ್ಟರೆ ಬೋಡ ನನ್ನ ಪಾದದ ಮೇಲೆ ನಿಂತಿದೆ. ಕಡ್ಡಿಗೂ ಹುಣ್ಣಿಗೂ ನಡುವೆ ಒದ್ದೆಯಾಗಿ ಹೊಳೆಯುತ್ತಿದ್ದ ಆ ಬಿಳಿ ನಾರು ಅದರ ಕೊಕ್ಕಿನಲ್ಲಿದೆ. "ಹೇಯ್!" ಅಂದೆ. ಹೆದರಿದ ಹಕ್ಕಿ ಬಿಟ್ಟು ಹೋಗಬಾರದೇ? ಕಚ್ಚಿಕೊಂಡೇ ಹಾರಿತು. ಫಟ್ ಅಂತ ಒಂದು ಎಳೆತ. ಒಳಗೆ ಮೀನಖಂಡದವರೆಗೆ ಕಾಯಿಸಿದ ತಂತಿ ಎಳೆದಂತಾಯಿತು. ನಾನು ಕೂಗಿದ ಕೂಗಿಗೆ ಅತ್ತೆ ಹಾಲಿನ ಚೆಂಬು ಬಿಟ್ಟು ಓಡಿ ಬಂದರು.

ಕಡ್ಡಿ ಕಾಲಿನ ಮೇಲೇ ಇತ್ತು. ನಾರು ತುಂಡಾಗಿತ್ತು. ಹುಣ್ಣಿನ ಬಾಯಲ್ಲಿ ಏನೂ ಕಾಣುತ್ತಿರಲಿಲ್ಲ, ಒಳಗಿನದು ಒಳಕ್ಕೇ ಸೇರಿಕೊಂಡಿತ್ತು.

"ಎಳ್ಕಂಡ್ಯಾ!" ಅಂದರು ಅತ್ತೆ.

"ನಾನಲ್ಲ ಅತ್ತೆ, ಹಕ್ಕಿ! ಆ ಬೋಡ ಎಳೀತು!"

"ಹಕ್ಕಿ ಅಂತೆ ಹಕ್ಕಿ! ನಿನ್ನ ಅವಸರ ನಂಗೆ ಗೊತ್ತಿಲ್ವೇನೆ? ದಿನಾ ಎಳೀರಿ ಎಳೀರಿ ಅಂತಿದ್ದೋಳು ನೀನೇ ಅಲ್ವಾ? ಹಾಳು ಮಾಡ್ಕಂಡ್ಯಲ್ಲೇ, ಮುಂಡೇದೇ!"

ಬೈದರು. ಬೈಯುತ್ತಾ ಬೈಯುತ್ತಾ ಹುಣ್ಣಿನ ಸುತ್ತ ಒತ್ತಿ ಒತ್ತಿ ನೋಡಿದರು. ನಾನು ದೇವರಾಣೆ ಮಾಡಿದೆ, ಇಷ್ಟಲಿಂಗದ ಮೇಲೆ ಆಣೆ ಮಾಡಿದೆ. ನಂಬಲಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ನಂಬುತ್ತಿರಲಿಲ್ಲವೇನೋ. ಆದರೂ ಕಾಲಿನ ನೋವಿನ ಮೇಲೆ ಈ ಸುಳ್ಳಿನ ಹೊರೆಯನ್ನೂ ಹೊರಿಸಿದರಲ್ಲ ಅಂತ ನನಗೆ ಉರಿದುಹೋಯಿತು.

ಸಂಜೆಗೆ ಕಾಲು ಬಾತುಕೊಂಡಿತು. ಮಾರನೆ ದಿನ ಜ್ವರ. ಅತ್ತೆ ಕಣಿವೆಗೆ ಹೇಳಿ ಕಳಿಸಿದರು, ನಮ್ಮೆಜಮಾನರು ಗಾಡಿಸಮೇತ ಬಂದರು. ನಡೆದದ್ದನ್ನು ನನ್ನ ಬಾಯಿಂದ ಕೇಳಿ, ಬಿದಿರ ಗಳ ಎತ್ತಿಕೊಂಡು ಸೂರಿನ ಗೂಡನ್ನು ಕಿತ್ತುಹಾಕಲು ಹೊರಟರು. ನಾನು ಬೇಡವೆಂದೆ ಅಂತ ಬರೆದರೆ ನಿಮಗೆ ಚೆನ್ನಾಗಿ ಕಾಣುತ್ತದೆ. ನಾನು ಹಾಗೆ ಹೇಳಲಿಲ್ಲ. ಕೀಳಲಿ, ಮರಿಗಳ ಸಮೇತ ಬೀಳಲಿ ಅಂತಲೇ ಇತ್ತು ನನಗೆ. ಅತ್ತೆ ಗಳಕ್ಕೆ ಅಡ್ಡ ಬಂದರು.

"ಹಕ್ಕಿ ತಂಟೆಗೆ ಯಾಕಲೇ ಹೋಗ್ತೀಯ? ಎಳ್ಕಂಡೋಳು ಇಲ್ಲಿ ಬಿದ್ದವ್ಳೆ. ಮರಿ ಅವೆ ಅದ್ರಾಗೆ, ಇಡು ಗಳ."

ಅತ್ತೆ ನನ್ನ ಮಾತು ನಂಬದೇ ಹೋದದ್ದರಿಂದ ಆ ಮರಿಗಳು ಉಳಿದುಕೊಂಡವು.

ಊರಿನಲ್ಲಿದ್ದ ಮದ್ದೆಲ್ಲ ಆಯಿತು, ಕೊಬ್ಬರಿ ಅರೆದು ಕಟ್ಟಿದರು, ದತ್ತೂರಿ ಎಲೆ ಕಟ್ಟಿದರು. ಕಾಲು ಮಾತ್ರ ಕುಂಬಳಕಾಯಿಯಾಗುತ್ತಾ ಹೋಯಿತು. ಮೀನಖಂಡದ ಮೇಲೆ ಚರ್ಮ ನೇರಳೆ ಬಣ್ಣಕ್ಕೆ ತಿರುಗಿದ ದಿನ ಅತ್ತೆ ಮಗನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಕೋಳಿ ಕೂಗುವ ಹೊತ್ತಿಗೆ ನನ್ನನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿದ್ದರು. ಹಿರಿಯೂರಿನ ಆಸ್ಪತ್ರೆಗೆ ಅಂದರು. ನಮ್ಮ ಕಡೆ ಆಸ್ಪತ್ರೆಗೆ ಹೋದವರು ವಾಪಸು ಬರುವುದಿಲ್ಲ ಎಂಬ ಹೆದರಿಕೆ ಆಗ ಎಲ್ಲರಿಗೂ ಇತ್ತು. ಅತ್ತೆ ಬಾಗಿಲಿಗೆ ಬರಲೇ ಇಲ್ಲ.

ದಾರಿ ಉದ್ದ, ಗಾಲಿ ಕಲ್ಲಿಗೆ ಹಾರಿದಾಗಲೆಲ್ಲ ಕಾಲಿನಲ್ಲಿ ಸಿಡಿಲು. ನಮ್ಮೆಜಮಾನರು ಮೊದಲೇ ಮೂಗಬಸವಣ್ಣ, ಅವತ್ತಂತೂ ಎತ್ತಿನ ಜೊತೆಗೂ ಮಾತಿಲ್ಲ. ಬಿಸಿಲು ಬಂದಮೇಲೆ ಬಯಲಿನಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿದರು. ನೀರು ಕೊಡುತ್ತಾರೇನೋ ಅಂದುಕೊಂಡೆ.

"ಎದ್ದು ನೋಡೇ" ಅಂದರು. "ಚಿಗರೆ ಬಂದವೆ."

ತಲೆಯ ಕೆಳಗೆ ಕೈಕೊಟ್ಟು ಎತ್ತಿ ಹಿಡಿದರು. ಚಿಗರೆಯ ಹಿಂಡು ದಾರಿ ದಾಟುತ್ತಿತ್ತು. ಮುಂದಿನವು ನಡೆದೇ ದಾಟಿದವು, ಹಿಂದಿನವು ನಮ್ಮನ್ನು ಕಂಡು ನೆಗೆದವು. ನೆಲಕ್ಕೆ ಕಾಲು ತಾಗಿದ್ದು ಕಾಣದ ಹಾಗೆ ಒಂದರ ಹಿಂದೆ ಒಂದು. ಕೊನೆಯಲ್ಲಿ ಸುರುಳಿಕೊಂಬಿನ ಕಪ್ಪು ಹೋತ ನಿಧಾನಕ್ಕೆ, ಯಾರ ಹಂಗೂ ಇಲ್ಲದೆ ಹೋಯಿತು. ಆ ಕಾಲುಗಳನ್ನು ನೋಡಿ ನನಗೆ ಅಳು ಬಂತು. ಜೀವಮಾನದಲ್ಲಿ ಒಂದು ದಿನವೂ ಇದು ನೋಡು ಅದು ನೋಡು ಅಂದವರಲ್ಲ ಇವರು. ಇವತ್ತು ಗಾಡಿ ನಿಲ್ಲಿಸಿ ತೋರಿಸುತ್ತಿದ್ದಾರೆಂದರೆ, ಇನ್ನು ತೋರಿಸಲು ಆಗುತ್ತದೋ ಇಲ್ಲವೋ ಅಂತ ಹೆದರಿದ್ದಾರೆ ಅನ್ನುವುದು ನನಗೆ ತಿಳಿಯಿತು. ನಾನು ಸಾಯುತ್ತೇನೆ ಅಂತ ನನಗೆ ಅನ್ನಿಸಿದ್ದು ಆಗಲೇ ಮೊದಲು.

ಆಸ್ಪತ್ರೆಯ ಜಗಲಿಯಲ್ಲಿ ಜನವೋ ಜನ. ಕಣಿವೆ ಕೆಲಸದ ಕೂಲಿಯವರು ಚಳಿಜ್ವರದಲ್ಲಿ ಕಂಬಳಿ ಹೊದ್ದು ಅದುರುತ್ತಿದ್ದರು. ನನ್ನ ಪಕ್ಕದಲ್ಲಿ ಹೊಸದುರ್ಗದ ಕಡೆಯ ಹಾಲಮ್ಮ ಅನ್ನುವವಳು ಕೂತಿದ್ದಳು. ಅವಳಿಗೆ ಒಂದು ಕಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಅಲ್ಲೇ ಉಳಿದಿದ್ದಳು. ನನ್ನ ಕಣ್ಣು ಅಲ್ಲಿಗೇ ಹೋಗುವುದನ್ನು ನೋಡಿ ಅವಳೇ ಮಾತಾಡಿಸಿದಳು.

"ನೋಡವ್ವ, ನೋಡು, ನಾಚಿಕೆ ಯಾಕೆ? ನಂದೂ ನಾರೇ. ಕಾಲು ಹೋಯ್ತು, ನಾನು ಉಳಕಂಡೆ. ಮುದ್ದೆ ತೊಳಸಾಕೆ ಕೈ ಸಾಕು ಬಿಡು."

ಅವಳು ಧೈರ್ಯ ಹೇಳಿದ್ದು. ನನಗೆ ಎದೆ ಬಿರಿದ ಹಾಗಾಯಿತು. ಮುದ್ದೆ ತೊಳೆಸಲು ಕೈ ಸಾಕು, ನೀರು ತರಲು, ಹೊಲಕ್ಕೆ ಹೋಗಲು, ತವರಿಗೆ ಹೋಗಲು?

ಡಾಕ್ಟರು ಮೈಸೂರು ಕಡೆಯವರು, ಕನ್ನಡಕದವರು. ಕಾಲು ಒತ್ತಿ ನೋಡಿ ಮುಖ ಗಂಟಿಕ್ಕಿದರು.

"ಯಾರಯ್ಯ ಇದನ್ನ ಎಳೆದವರು? ಯಾವ ಪಂಡಿತ?"

"ಗೊರವಂಕ ಸ್ವಾಮಿ" ಅಂದರು ನಮ್ಮೆಜಮಾನರು.

"ಯಾವೂರಿನವನು ಅವನು?"

"ಊರೇನಿಲ್ಲ ಸ್ವಾಮಿ, ಹಕ್ಕಿ. ನಮ್ಮ ಸೂರಾಗೇ ಗೂಡು ಮಾಡೈತೆ."

ಕಂಪೌಂಡರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಡಾಕ್ಟರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. "ನಾಟಿ ವೈದ್ಯರನ್ನ ಬಿಟ್ಟುಕೊಡಬಾರದು ಅಂತ ನೀವು ಏನು ಬೇಕಾದರೂ ಹೇಳ್ತೀರಿ" ಅಂದರು. ಅಷ್ಟು ನೋವಿನಲ್ಲೂ ನನಗೆ ರೇಗಿತು. "ಆಯ್ತು ಬಿಡ್ರಿ ಸ್ವಾಮಿ, ನಮ್ಮತ್ತೇನೇ ನಂಬಲಿಲ್ಲ, ನೀವ್ಯಾಕೆ ನಂಬ್ತೀರಿ?" ಅಂದೆ. ಅವರು ಈಗ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆತ್ತಗೆ ಹೇಳಿದರು: "ನೋಡಮ್ಮ, ತುಂಡಾದ ಹುಳ ಒಳಗೇ ಸತ್ತು ಕೀವಾಗಿದೆ. ಇವತ್ತೇ ಕೊಯ್ಯಬೇಕು. ಕೀವು ಮೊಣಕಾಲಿನ ಕೀಲಿಗೆ ಇಳಿದಿದ್ದರೆ ಕಾಲು ಉಳಿಸೋದು ನನ್ನ ಕೈಲಿಲ್ಲ. ಕೊಯ್ದ ಮೇಲೂ ಕೆಲವು ದಿನ ಕಾಯ್ದೇ ನೋಡಬೇಕು."

ಮೂಗಿಗೆ ಏನೋ ಹಿಡಿದರು. ಎಚ್ಚರವಾದಾಗ ನಾನು ಮೊದಲು ಮಾಡಿದ ಕೆಲಸ ಕೈಯಿಂದ ಕಾಲು ಸವರಿದ್ದು. ಪಟ್ಟಿಯ ಕೆಳಗೆ ಹೆಬ್ಬೆರಳು ಸಿಕ್ಕಿತು. ಇನ್ನೂ ಇತ್ತು.

ಆಮೇಲಿನದು ಬರೀ ಕಾಯುವ ಕೆಲಸ. ದಿನಾ ಬೆಳಿಗ್ಗೆ ಡಾಕ್ಟರು ಬಂದು ಪಟ್ಟಿ ಬಿಚ್ಚಿಸಿ ಮೊಣಕಾಲನ್ನು ಬೆರಳಿನಿಂದ ಒತ್ತುತ್ತಿದ್ದರು. ನಾನು ಕಾಲು ನೋಡುತ್ತಿರಲಿಲ್ಲ, ಅವರ ಹುಬ್ಬು ನೋಡುತ್ತಿದ್ದೆ. "ನೋಡೋಣ" ಅನ್ನುವರು. ಈ "ನೋಡೋಣ" ಅನ್ನುವ ಮಾತಿನಷ್ಟು ನನ್ನನ್ನು ಹಣ್ಣು ಮಾಡಿದ್ದು ಬೇರೆ ಯಾವುದೂ ಇಲ್ಲ. ಹುಳದ ಕಥೆಯನ್ನೂ ಅವರೇ ಒಂದು ದಿನ ಹೇಳಿದರು. ಹುಣ್ಣಿನ ಕಾಲನ್ನು ಬಾವಿಗೆ ಇಳಿಬಿಟ್ಟರೆ ಹುಳ ಅಲ್ಲೇ ಮರಿ ಹಾಕುತ್ತದಂತೆ, ಅದೇ ನೀರು ಕುಡಿದವರಿಗೆ ಮುಂದಿನ ವರ್ಷ ನಾರು. "ಬಟ್ಟೆಯಲ್ಲಿ ಸೋಸಿ ಕುಡೀರಿ, ಬಾವಿಗೆ ಕಾಲು ಇಡಬೇಡಿ" ಅಂದರು. ಊರಿಗೆ ಊರೇ ಆ ಮೆಟ್ಟಿಲ ಮೇಲೆ ಕೂತದ್ದು ಕಣ್ಣ ಮುಂದೆ ಬಂತು. ಇಷ್ಟು ದಿನ ಉರಿ ಕಳೆಯುತ್ತದೆಂದು ನಾವು ಮಾಡುತ್ತಿದ್ದದ್ದು ಇದು.

ಕಿಟಕಿಯ ಹೊರಗೆ ಒಂದು ದೊಡ್ಡ ಆಲದ ಮರವಿತ್ತು, ಅದರ ತುಂಬ ಬಾವಲಿಗಳು. ಹಗಲೆಲ್ಲ ತಲೆಕೆಳಗಾಗಿ ನೇತುಬಿದ್ದು ರೆಕ್ಕೆ ಬೀಸಿಕೊಳ್ಳುತ್ತಾ ಜಗಳ. ಒಂದು ಸರಿದು ಕೂತರೆ ಪಕ್ಕದ್ದು ಬೈಯುವುದು, ಅದಕ್ಕೆ ಅದರ ಪಕ್ಕದ್ದು. ಹಾಲಮ್ಮ ನನ್ನ ಪಕ್ಕದ ಚಾಪೆಯಲ್ಲಿದ್ದಳು. "ಓ, ವಾರಗಿತ್ತೇರು ಶುರು ಹಚ್ಕಂಡ್ರು" ಅನ್ನುವಳು. ಯಾವ ಬಾವಲಿ ಯಾರ ಮೇಲೆ ಏನು ದೂರು ಹೇಳುತ್ತಿದೆ ಅಂತ ಇಬ್ಬರೂ ಕಟ್ಟಿ ಕಟ್ಟಿ ಹೇಳಿಕೊಳ್ಳುತ್ತಿದ್ದೆವು. ಹೊತ್ತು ಮುಳುಗುವಾಗ ಅವೆಲ್ಲ ಒಟ್ಟಿಗೆ ಎದ್ದು ಹೊಳೆಯ ಮೇಲೆ ಹಾರಿಹೋಗುವಾಗ ಜ್ವರದ ಕೂಲಿಯವರೂ ತಲೆಯೆತ್ತಿ ನೋಡುತ್ತಿದ್ದರು. ಆ ಮರ ಇಲ್ಲದಿದ್ದರೆ, ಹಾಲಮ್ಮ ಇಲ್ಲದಿದ್ದರೆ, ನನಗೆ ಆ ಚಾಪೆಯ ಮೇಲೆ ತಲೆ ಕೆಡುತ್ತಿತ್ತು. ಗೊರವಂಕದ ದನಿ ಕೇಳಿದರೆ ಮಾತ್ರ ಕಾಲನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದೆ.

ನಮ್ಮೆಜಮಾನರು ಒಮ್ಮೆ ಊರಿಗೆ ಹೋಗಿ ಬುತ್ತಿ ತಂದರು. ಗಂಟು ಬಿಚ್ಚುತ್ತಾ ಒಬ್ಬರೇ ನಗುತ್ತಿದ್ದರು. ಅವರು ನಗುವುದೇ ಅಪರೂಪ.

"ಏನ್ರಿ, ಏನಾಯ್ತು?"

"ಅವ್ವ ಹೇಳಿ ಕಳಿಸ್ಯಾಳೆ. ನೀ ಕುಂತ್ಕಳ ಜಾಗದಾಗೇ ಕುಂತು ದೇವರ ದೀಪಕ್ಕೆ ಬತ್ತಿ ಹೊಸೀತಿದ್ಲಂತೆ. ಎಣ್ಣೆ ಸವರಿದ ಬತ್ತಿ ತೊಡೆ ಮೇಲಿತ್ತಂತೆ. ನಿನ್ನ ಬೋಡ ಬಂದು ಅದನ್ನೂ ಕಚ್ಕಂಡು ಹಾರಿಹೋಯ್ತಂತೆ. 'ಅವಳಿಗೆ ಹೇಳು, ಅವಳು ಹೇಳಿದ್ದು ದಿಟ' ಅಂದ್ಲು."

"ಅಷ್ಟೇನಾ?"

"ಅಷ್ಟೇ. ಆಮ್ಯಾಲೆ ಒಳಗೆ ಹೋದ್ಲು. ಮರಿ ಹಾರಿ ಹೋದ್ವು ಅಂತಾನೂ ಅಂದ್ಲು."

ನನಗೆ ನಗು ಬಂತು. ಹೊಲಿಗೆ ಎಳೆದು ನೋಯುತ್ತಿದ್ದರೂ ನಗು ನಿಲ್ಲಲಿಲ್ಲ, ಹಾಲಮ್ಮನೂ ನಕ್ಕಳು. ಅವತ್ತಿನಿಂದ ಆ ಹಕ್ಕಿಯ ಮೇಲೆ ನನಗೆ ಸಿಟ್ಟಿಲ್ಲ. ಮರಿಗೆ ಹುಳ ಬೇಕಿತ್ತು, ಹುಳ ಕಂಡಿತು, ಎಳೆಯಿತು. ಅದಕ್ಕೆ ನನ್ನ ಕಾಲು ಅಂದರೆ ಒಂದು ಮರದ ಬೇರು. ನಾನು ಅದನ್ನು ಮೆಚ್ಚಿಕೊಂಡದ್ದೂ ದಿಟ, ಅದು ನನ್ನನ್ನು ಕಾಳು ಬೀಳುವ ಜಾಗ ಅಂತಷ್ಟೇ ತಿಳಿದಿದ್ದೂ ದಿಟ. ಈಗಲೂ ಗೊರವಂಕ ಬಂದರೆ ಕಾಳು ಹಾಕುತ್ತೇನೆ, ಅಂಗಳದ ಆ ತುದಿಗೆ.

ಕೊನೆಗೊಂದು ಬೆಳಿಗ್ಗೆ ಡಾಕ್ಟರು ಮೊಣಕಾಲು ಒತ್ತಿ, ಮಡಿಸಿ, ನೀಡಿಸಿ, "ಕೀಲಿಗೆ ಇಳಿದಿಲ್ಲ, ಕಾಲು ಉಳೀತು" ಅಂದರು. ಹರಡು ಮಾತ್ರ ಇನ್ನು ಮುಂಚಿನ ಹಾಗೆ ಬಗ್ಗುವುದಿಲ್ಲವಂತೆ. ಬಗ್ಗದಿದ್ದರೆ ಬೇಡ. ಹಾಲಮ್ಮ ನನ್ನ ಕೆನ್ನೆ ಹಿಡಿದು ಮುತ್ತಿಕ್ಕಿ, "ಹೋಗವ್ವ, ನನ್ನ ಪಾಲಿಂದೂ ನಡಿ" ಅಂದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಕಾಲು ಉಳಿದ ಸಂತೋಷವನ್ನು ಅವಳ ಮುಂದೆ ಎಲ್ಲಿ ಬಚ್ಚಿಡಲಿ?

ಹೊತ್ತು ಇಳಿಯುವಾಗ ಗಾಡಿ ನಮ್ಮ ಬಾಗಿಲಿಗೆ ಬಂತು. ಅತ್ತೆ ಹೊಸಿಲಿನಲ್ಲೇ ನಿಂತಿದ್ದರು. ಸೊರಗಿಹೋಗಿದ್ದರು. ನನ್ನ ಪಾಲಿನ ನೀರು, ಸಗಣಿ, ಎಮ್ಮೆ, ಎಲ್ಲ ಆ ವಯಸ್ಸಿನಲ್ಲಿ ಅವರ ಮೇಲೇ ಬಿದ್ದಿತ್ತು. ನಮ್ಮೆಜಮಾನರು ನನ್ನನ್ನು ಎತ್ತಿಕೊಳ್ಳಲು ಕೈ ಚಾಚಿದರು.

"ಎತ್ತಬ್ಯಾಡ ಕಣೋ" ಅಂದರು ಅತ್ತೆ. "ಇಳೀಲಿ. ನಡೀಲಿ. ನಾ ನೋಡಬೇಕು."

ಇಳಿದೆ. ಗಾಡಿಯ ಮೂಕಿ ಹಿಡಿದು ನಿಂತೆ, ಬಿಟ್ಟೆ. ಹರಡು ಬಗ್ಗದೆ ಪಾದ ಹಲಗೆಯ ಹಾಗೆ ನೆಲಕ್ಕೆ ಬೀಳುತ್ತಿತ್ತು. ನೆರೆಹೊರೆಯವರು ಬಂದು ನಿಂತಿದ್ದರು. ಅತ್ತೆ ನನ್ನ ಮುಖ ನೋಡಲೇ ಇಲ್ಲ. ಅವರ ಕಣ್ಣು ಆ ಒಂದು ಪಾದದ ಮೇಲೆಯೇ ಇತ್ತು, ಅದು ಏಳುವುದನ್ನು, ಬೀಳುವುದನ್ನು, ಮತ್ತೆ ಏಳುವುದನ್ನು ನೋಡುತ್ತಿದ್ದರು. ಹೊಸಿಲು ಮುಟ್ಟಿದೆ. ಅವರು ಹಾಗೇ ಕುಸಿದು ಕೂತು ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅತ್ತೆ ಸೊಸೆಯ ಕಾಲು ಹಿಡಿಯುವುದೆಂದರೇನು! ಅಷ್ಟು ಜನರ ಮುಂದೆ! ನಾಚಿಕೆಯಿಂದ ನಾನು ಬಗ್ಗಿದೆ. "ಅತ್ತೆ, ಏನ್ ಮಾಡ್ತಿದೀರಿ, ಬಿಡ್ರಿ, ಎಲ್ಲಾರು ನೋಡ್ತವ್ರೆ!"

"ಸುಮ್ಕಿರೇ" ಅಂದರು. "ಬಿಸಿ ಐತಾ ಇಲ್ವಾ ನೋಡಬ್ಯಾಡ್ವಾ ನಾನು?"

ಕಾಲು ಬೆಚ್ಚಗೇ ಇತ್ತು. ಅವರಿಗೂ ಅದು ತಿಳಿದಿತ್ತು. ಆದರೂ ಬಹಳ ಹೊತ್ತು ಬಿಡಲಿಲ್ಲ.